ಬಟ್ಟೆಯ ಮೇಲೆ ಬಂದ ಫೋಟೋ ಬಟ್ಟೆಯಂತೆಯೇ ಬಾಳಬೇಕು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಮಳೆ ಬಿರುಸಾಗಿರುವ ಆಟಿ ತಿಂಗಳ ದಿನಗಳಲ್ಲಿ ಚರ್ಮದ ಚಪ್ಪಲಿಗೂ ಕಪಾಟಿನೊಳಗಿನ ಮದುವೆಯ ಆಲ್ಬಮ್ಮಿಗೂ ಒಂದೇ ಬಗೆಯ ಬೂಷ್ಟು ಹಿಡಿಯುವುದು ಆಕಸ್ಮಿಕವಲ್ಲ. ಹಳೆಯ ಫೋಟೋ ಕಾಗದದ ಮೇಲ್ಪದರ ಜೆಲಟಿನ್; ಅದೂ ಪ್ರಾಣಿಗಳ ಚರ್ಮ, ಮೂಳೆಗಳಿಂದಲೇ ತೆಗೆದದ್ದು. ಚಿತ್ರವಿರುವುದು ಆ ತೆಳುಪದರದೊಳಗೆ. ಗಾಳಿಯ ತೇವಾಂಶ ಶೇಕಡಾ 70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಅದು ಒಳ್ಳೆಯ ಆಹಾರ. ಚೌಕಟ್ಟು ಹಾಕಿಸಿದ ಫೋಟೋದಲ್ಲಿ ಜೆಲಟಿನ್ ತೇವ ಹೀರಿ ಮೆತ್ತಗಾಗಿ ಗಾಜಿಗೇ ಅಂಟುತ್ತದೆ. ಬಿಡಿಸಲು ಹೋದರೆ ಮುಖ ಗಾಜಿನ ಮೇಲೆ ಉಳಿದು ಬರಿ ಕಾಗದ ಕೈಗೆ ಬರುತ್ತದೆ. 1970–80ರ ದಶಕಗಳಲ್ಲಿ ಕೊಲ್ಲಿ ದೇಶಗಳಿಂದ, ಮುಂಬಯಿಯಿಂದ ಊರಿಗೆ ಬಂದ ಕಲರ್ ಫೋಟೋಗಳ ಪಾಡು ಬೇರೆಯದು. ಆ ಕಾಲದ ಕಲರ್ ಕಾಗದದಲ್ಲಿದ್ದ ನೀಲಿ-ಹಸಿರು ಬಣ್ಣ ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ತಾನಾಗಿ ಕ್ಷೀಣಿಸುವಂಥದ್ದು. ಹಾಗಾಗಿ ಉಳಿದ ಚಿತ್ರಗಳೆಲ್ಲ ಇಂದು ಕೆಂಪಡರಿವೆ. ಬಾಸೆಲ್ ಮಿಷನ್ನಿನವರು ಒಂದು ಶತಮಾನದ ಹಿಂದೆ ನಮ್ಮ ಕರಾವಳಿಯಲ್ಲಿ ತೆಗೆದ ಫೋಟೋಗಳು ಸ್ವಿಟ್ಜರ್ಲೆಂಡಿನ ಸಂಗ್ರಹದಲ್ಲಿ ಭದ್ರವಾಗಿವೆ; ಅದಕ್ಕಿಂತ ಎಷ್ಟೋ ಈಚಿನ ಚಿತ್ರಗಳು ಇಲ್ಲಿನ ಮನೆಗಳ ಗೋಡೆಯ ಮೇಲೆ ಅಳಿದುಹೋಗಿವೆ.

ಇಂಥ ಊರಿನಲ್ಲಿ ಮನೆಯ ಹಳೆಯ ಫೋಟೋಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ, ಆ ತುಂಡುಗಳನ್ನು ಅಜ್ಜಿಯ ಸೀರೆ, ಅಜ್ಜನ ಪಂಚೆಯ ತುಂಡುಗಳ ನಡುವೆ ಸೇರಿಸಿ ಕೌದಿ ಹೊಲಿಯುವುದು ಬರಿಯ ಶೋಕಿಯಲ್ಲ ಎಂಬುದು ನನ್ನ ನಂಬಿಕೆ. ಬಟ್ಟೆಗೆ ಈ ಹವೆಯ ಅಭ್ಯಾಸವಿದೆ. ಅದು ಒದ್ದೆಯಾಗುತ್ತದೆ, ಒಣಗುತ್ತದೆ, ಬೂಷ್ಟು ಬಂದರೆ ಒಗೆಸಿಕೊಳ್ಳುತ್ತದೆ, ಹರಿದರೆ ತೇಪೆ ಹಾಕಿಸಿಕೊಳ್ಳುತ್ತದೆ. ಕಾಗದಕ್ಕೆ ಇದೊಂದೂ ಆಗದು. ಆದರೆ ಈ ಲಾಭ ದಕ್ಕಬೇಕಾದರೆ ಒಂದು ಷರತ್ತಿದೆ: ಅಚ್ಚಾದ ಚಿತ್ರವೂ ಬಟ್ಟೆಯಂತೆಯೇ ಒಗೆತ, ಬೆವರು, ಬಿಸಿಲು, ಸೂಜಿಗಳನ್ನು ತಾಳಬೇಕು. ಯಾವ ಬಟ್ಟೆ, ಯಾವ ಇಂಕು, ಯಾವ ಫೋಟೋ, ಎಲ್ಲಿ ಹೊಲಿಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಷರತ್ತಿನಿಂದಲೇ ಸಿಗುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ ದಾರಿಗಳಲ್ಲಿ ಹೆಚ್ಚಿನವು ಸೋಲುವುದೂ ಇಲ್ಲಿಯೇ.

ಕೌದಿಗೆ ಚಿತ್ರವನ್ನು ಸೇರಿಸುವುದರಿಂದ ಅದರ ಸಂಪ್ರದಾಯ ಕೆಡುತ್ತದೆಯೇ? ಕೌದಿಯ ಸಂಪ್ರದಾಯವೇ ಕೈಗೆ ಸಿಕ್ಕಿದ್ದನ್ನು ಸೇರಿಸಿಕೊಳ್ಳುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ನೋಡಿದರೆ ಇದು ತಿಳಿಯುತ್ತದೆ. ಅವರು ಅಂಚಿನಿಂದ ಆರಂಭಿಸಿ ಸುತ್ತು ಬರುತ್ತ, ಸಿಕ್ಕ ತುಂಡುಗಳನ್ನು ಒಂದರ ಪಕ್ಕ ಒಂದು ಇಡುತ್ತ, ನಡುವಿಗೆ ತಲುಪುತ್ತಾರೆ. ಮೂಲೆಗಳಿಗೆ ಮಡಿಸಿದ ಪುಟ್ಟ ಬಟ್ಟೆಯ ಹೂವುಗಳನ್ನು ಕೂರಿಸದೆ ಅದು ಪೂರ್ತಿಯಾಗುವುದಿಲ್ಲ. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಇನ್ನು ಅಚ್ಚಾದ ಚಿತ್ರ ಮತ್ತು ಬಟ್ಟೆಯನ್ನು ಜೊತೆಗೂಡಿಸುವ ರೂಢಿಯೂ ನಮ್ಮಲ್ಲಿ ಹೊಸದಲ್ಲ. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಮನೆಮನೆಗೆ ಬಂದ ಲಕ್ಷ್ಮಿ, ಸರಸ್ವತಿಯರ ಅಚ್ಚುಚಿತ್ರಗಳಿಗೆ ಹೆಂಗಸರು ನಿಜವಾದ ಬಟ್ಟೆಯ ಸೀರೆ ತೊಡಿಸಿದರು, ಜರಿ, ಮಣಿ ಹೊಲಿದರು. ಅಲ್ಲಿ ಚಿತ್ರದ ಮೇಲೆ ಬಟ್ಟೆ ಬಂತು, ಇಲ್ಲಿ ಬಟ್ಟೆಯ ಮೇಲೆ ಚಿತ್ರ ಬರುತ್ತಿದೆ. ಸತ್ತವರ ನೆನಪಿಗೆ ಬಟ್ಟೆ ಎಷ್ಟು ಒಗ್ಗುತ್ತದೆ ಎನ್ನುವುದಕ್ಕೆ ಜಗತ್ತು ಕಂಡ ದೊಡ್ಡ ಸಾಕ್ಷಿ ಅಮೆರಿಕದ ಏಡ್ಸ್ ಸ್ಮಾರಕ ಕೌದಿ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಅದನ್ನು ಮೊದಲು ಹಾಸಿದಾಗ ತಲಾ ಮೂರಡಿ ಅಗಲ, ಆರಡಿ ಉದ್ದದ 1,920 ತುಂಡುಗಳಿದ್ದವು. ಒಂದೊಂದೂ ಒಂದು ಗೋರಿಯ ಅಳತೆ. ಆ ಕೌದಿ ಬೆಳೆದಂತೆ ಎಷ್ಟೋ ತುಂಡುಗಳಲ್ಲಿ ತೀರಿಕೊಂಡವರ ಅಂಗಿ, ಪತ್ರಗಳ ಜೊತೆ ಫೋಟೋಗಳೂ ಸೇರಿದವು.

ಈಗ ಪೇಟೆಯ ದಾರಿಯನ್ನು ನೋಡೋಣ. ಉಡುಪಿಯಿರಲಿ ಮಣಿಪಾಲವಿರಲಿ, ಉಡುಗೊರೆ ಅಂಗಡಿಗೆ ಫೋಟೋ ಕೊಟ್ಟರೆ ದಿಂಬು, ಕಪ್ಪು, ಟೀ ಶರ್ಟುಗಳ ಮೇಲೆ ಅಚ್ಚು ಹಾಕಿಕೊಡುತ್ತಾರೆ. ಇಡೀ ಹೊದಿಕೆಯನ್ನೇ ಫೋಟೋ ಮಾಡಿ ಕೊಡುವವರೂ ಇದ್ದಾರೆ. ಇದರಲ್ಲಿ ಹೆಚ್ಚಿನದು ಸಬ್ಲಿಮೇಷನ್ ಎಂಬ ಪದ್ಧತಿ. ವಿಶೇಷ ಬಣ್ಣವನ್ನು ಮೊದಲು ಕಾಗದದ ಮೇಲೆ ಅಚ್ಚು ಹಾಕಿ, ಅದನ್ನು ಬಟ್ಟೆಗೆ ಒತ್ತಿ, 190ರಿಂದ 200 ಡಿಗ್ರಿ ಶಾಖದಲ್ಲಿ ಸುಮಾರು ಒಂದು ನಿಮಿಷ ಹಿಡಿಯುತ್ತಾರೆ. ಬಣ್ಣ ದ್ರವವಾಗದೆ ನೇರ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಹೊಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಹೊಳಪಿನಲ್ಲಿ, ಒಗೆತಕ್ಕೆ ತಾಳುವುದರಲ್ಲಿ ಇದು ತುಂಬ ಒಳ್ಳೆಯ ಪದ್ಧತಿ. ಆದರೆ ಆ ಬಣ್ಣಕ್ಕೆ ಹಿಡಿತ ಸಿಗುವುದು ಪಾಲಿಯೆಸ್ಟರಿನಲ್ಲಿ ಮಾತ್ರ. ಹತ್ತಿಯ ಮೇಲೆ ಒತ್ತಿದರೆ ನಾಲ್ಕಾರು ಒಗೆತಗಳಲ್ಲಿ ಮಸುಕಾಗಿ ಹೋಗುತ್ತದೆ. ಪಾಲಿಯೆಸ್ಟರ್ ಹೊದಿಕೆ ಹೊದ್ದು ಏಪ್ರಿಲ್ ತಿಂಗಳ ರಾತ್ರಿ ಕಡಲತಡಿಯ ಕಾಪುವಿನಲ್ಲಿ ಯಾರಾದರೂ ನೆಮ್ಮದಿಯಿಂದ ಮಲಗಿಯಾರೇ? ಅದು ಬೆವರು ಹೀರುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಚೀಲದೊಳಗೆ ಕಪಾಟು ಸೇರುತ್ತದೆ, ಆಲ್ಬಮ್ಮಿನ ಪಕ್ಕಕ್ಕೆ. ಹೊದೆಯಲಾಗದ ಹೊದಿಕೆಯಿಂದ ಫೋಟೋಗೆ ಹೊಸ ಬಾಳು ಬಂದಂತಾಗಲಿಲ್ಲ.

ಎರಡನೆಯ ಸುಲಭ ದಾರಿ ಟ್ರಾನ್ಸ್‌ಫರ್ ಕಾಗದ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಅಚ್ಚು ಹಾಕಿ, ಬಟ್ಟೆಗೆ ಇಸ್ತ್ರಿಯಲ್ಲಿ ಒತ್ತುವುದು. ಇಲ್ಲಿ ಬಟ್ಟೆಗೆ ಅಂಟುವುದು ಬಣ್ಣವಲ್ಲ, ಬಣ್ಣ ಹೊತ್ತ ಪ್ಲಾಸ್ಟಿಕ್ ಪೊರೆ. ಅದು ಬಿರುಸಾಗಿರುತ್ತದೆ, ಗಾಳಿ ಆಡಗೊಡುವುದಿಲ್ಲ, ಮಡಿಕೆ ಬಿದ್ದಲ್ಲಿ ಬಿರುಕು ಬಿಡುತ್ತದೆ. ಮರೆತು ಬಿಸಿ ಇಸ್ತ್ರಿ ತಾಗಿಸಿದರೆ ಅಜ್ಜನ ಮೀಸೆ ಇಸ್ತ್ರಿಗೆ ಬರುತ್ತದೆ. ಕೌದಿಗೆ ಇನ್ನೊಂದು ತೊಂದರೆಯೂ ಉಂಟು. ಕೌದಿಯೆಂದರೆ ಸಾವಿರಾರು ಹೊಲಿಗೆ. ಪೊರೆಯಲ್ಲಿ ಸೂಜಿ ಮಾಡಿದ ತೂತು ಮುಚ್ಚಿಕೊಳ್ಳದು. ಗೋಡೆಗೆ ತೂಗುಹಾಕುವ ತುಂಡಿಗೆ ಇದು ಸಾಕು, ಹೊದೆಯುವ ಕೌದಿಗೆ ಬೇಡ. ಲೇಸರ್ ಪ್ರಿಂಟರಿಗೆ ಬಟ್ಟೆ ತೂರಿಸುವ ಪ್ರಯೋಗವನ್ನಂತೂ ಬಿಟ್ಟುಬಿಡುವುದೇ ಲೇಸು. ಅದರ ಪುಡಿ ಎಳೆಯ ಮೇಲೆ ಕರಗಿ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ, ಉಜ್ಜಿದರೆ ಉದುರುತ್ತದೆ.

ಉಳಿಯುವುದು ಹತ್ತಿಯ ಮೇಲೆ ನೇರವಾಗಿ ಅಚ್ಚು ಹಾಕುವ ದಾರಿ. ಇದರಲ್ಲಿ ಅತ್ಯುತ್ತಮವಾದದ್ದು ರಿಯಾಕ್ಟಿವ್ ಬಣ್ಣಗಳ ಡಿಜಿಟಲ್ ಮುದ್ರಣ. ಈ ಬಣ್ಣ ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕಾಗಿ ಬಟ್ಟೆಗೆ ಮೊದಲೇ ಸೋಡಾ, ಯೂರಿಯಾಗಳ ಲೇಪ ಕೊಟ್ಟು, ಅಚ್ಚಾದ ಮೇಲೆ ಹಬೆಯಲ್ಲಿ ಬೇಯಿಸಿ, ಅಂಟದ ಬಣ್ಣ ಹೋಗುವವರೆಗೆ ತೊಳೆಯಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ; ಆದರೆ ದೊಡ್ಡ ಊರುಗಳಲ್ಲಿ ಒಂದು ಮೀಟರಿನಷ್ಟು ಬಟ್ಟೆಯನ್ನೂ ಹೀಗೆ ಅಚ್ಚು ಮಾಡಿ ಕಳಿಸಿಕೊಡುವವರಿದ್ದಾರೆ. ಮೀಟರ್ ಉದ್ದ, 44 ಇಂಚು ಅಗಲದ ಬಟ್ಟೆಯಲ್ಲಿ ಹೊಲಿಗೆಯ ಅಂಚು ಬಿಟ್ಟರೂ ಆರು ಇಂಚು ಚೌಕದ ಸುಮಾರು 30 ಚಿತ್ರ ಹಿಡಿಸುತ್ತವೆ. ಒಂದು ಕೌದಿಗೆ ಅಷ್ಟು ಧಾರಾಳ. ಈ ಅಚ್ಚು ಕೈಗೆ ಮೆತ್ತಗೆ, ಬರಿ ಬಟ್ಟೆಯೆಂಬಂತೆಯೇ ಇರುತ್ತದೆ.

ಮನೆಯ ಪ್ರಿಂಟರಿನಲ್ಲೇ ಮಾಡುವ ಮನಸ್ಸಿದ್ದರೆ ಮೊದಲು ಅದರಲ್ಲಿರುವ ಇಂಕು ಯಾವುದೆಂದು ತಿಳಿಯಬೇಕು. ಡೈ ಇಂಕು ನೀರಿನಲ್ಲಿ ಕರಗಿದ ಬಣ್ಣ. ಬರಿ ಹತ್ತಿಯ ಮೇಲೆ ಬಿದ್ದದ್ದು ಮೊದಲ ನೀರಿಗೇ ಹೊರಡುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗದ ಕಣಗಳಾಗಿರುತ್ತದೆ. ಅದು ಎಳೆಗಳ ನಡುವೆ ಕಚ್ಚಿಕೊಳ್ಳುತ್ತದೆ, ಬಿಸಿಲಿಗೂ ಹೆಚ್ಚು ತಾಳುತ್ತದೆ. ಈಗ ಮನೆಗಳಲ್ಲಿರುವ ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಹಲವಕ್ಕೆ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಹಾಗಿದ್ದಲ್ಲಿ ಸಾದಾ ಕಾಗದದ ಆಯ್ಕೆಯಿಟ್ಟು ಕಪ್ಪು-ಬಿಳುಪಿನಲ್ಲೇ ಅಚ್ಚು ಹಾಕುವುದು ಜಾಣತನ. ಹಳೆಯ ಫೋಟೋಗಳಲ್ಲಿ ಹೆಚ್ಚಿನವು ಹೇಗೂ ಕಪ್ಪು-ಬಿಳುಪಿನವೇ. ಬಣ್ಣವೇ ಬೇಕೆಂದರೆ ಇಂಕನ್ನು ಹಿಡಿದಿಡುವ ಲೇಪ ಕೊಟ್ಟು, ಹಿಂದೆ ಕಾಗದ ಅಂಟಿಸಿದ ಎ4 ಅಳತೆಯ ಹತ್ತಿ ಹಾಳೆಗಳು ಮಾರಾಟಕ್ಕಿವೆ. ಲೇಪವಿಲ್ಲದ ಬಟ್ಟೆಯಾದರೆ ಅದನ್ನು ಎ4 ಸ್ಟಿಕ್ಕರ್ ಹಾಳೆಗೆ ಗುಳ್ಳೆಯಿಲ್ಲದಂತೆ ಅಂಟಿಸಿ, ಅಂಚಿನಲ್ಲಿ ಒಂದು ಎಳೆಯೂ ಹೊರಗಿರದಂತೆ ಕತ್ತರಿಸಿ, ಒಂದೊಂದಾಗಿ ಪ್ರಿಂಟರಿಗೆ ಕೊಡಬೇಕು. ಅಚ್ಚಾದದ್ದನ್ನು ಒಂದು ದಿನ ಒಣಗಬಿಟ್ಟು, ನೀರು ಚಿಮುಕಿಸದೆ ಇಸ್ತ್ರಿ ಮಾಡಿ, ತಣ್ಣೀರಿನಲ್ಲಿ ಒಮ್ಮೆ ಜಾಲಿಸಬೇಕು. ಒಂದು ಚಿಕ್ಕ ತುಂಡನ್ನು ಅಚ್ಚು ಹಾಕಿ ಸಾಬೂನಿನಲ್ಲಿ ಒಗೆದು ನೋಡದೆ ಇಡೀ ಕೌದಿಗೆ ಕೈಹಾಕಬಾರದು. ಯಾವ ಅಂಗಡಿಯವರ ಭರವಸೆಗಿಂತಲೂ ಆ ತುಂಡಿನ ಸಾಕ್ಷ್ಯ ದೊಡ್ಡದು.

ಬಟ್ಟೆ ಯಾವುದು? ಒತ್ತು ನೇಯ್ಗೆಯ ಬಿಳಿ ಪಾಪ್ಲಿನ್ ಅಥವಾ ಕೇಂಬ್ರಿಕ್. ಹೊಸದಾದರೆ ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆದು, ಕುಗ್ಗುವುದಷ್ಟನ್ನೂ ಮೊದಲೇ ಕುಗ್ಗಿಸಬೇಕು. ಹಳೆಯ ಬಿಳಿ ಪಂಚೆಯೂ ಆಗುತ್ತದೆ. ಅದು ಕುಗ್ಗುವಷ್ಟು ಎಂದೋ ಕುಗ್ಗಿರುತ್ತದೆ. ಆದರೆ ಈಚಿನ ಪಂಚೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರಬಹುದು. ಒಂದು ಎಳೆ ಕಿತ್ತು ಸುಟ್ಟರೆ ಹತ್ತಿಯಾದದ್ದು ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಫೋಟೋ ಆರಿಸುವುದಕ್ಕೂ ಬಟ್ಟೆಯ ಎಳೆಯೇ ಅಳತೆಗೋಲು. ಕಾರ್ಕಳಕ್ಕೆ ಹೋದ ಕುಟುಂಬಗಳು ಗೊಮ್ಮಟನ ಮುಂದೆ ನಿಂತು ತೆಗೆಸಿಕೊಂಡ ಚಿತ್ರವನ್ನೇ ತೆಗೆದುಕೊಳ್ಳಿ. 1432ರಲ್ಲಿ ನಿಂತ ಆ ಮೂರ್ತಿ 42 ಅಡಿ ಎತ್ತರ. ಅದು ಪೂರ್ತಿ ಬರಬೇಕೆಂದು ಹಿಂದೆ ಸರಿದು ತೆಗೆದ ಚಿತ್ರದಲ್ಲಿ ಮನೆಯವರು ಬೆರಳುದ್ದ ಆಗಿರುತ್ತಾರೆ. ಕಾಪುವಿನ 1901ರ ದೀಪಸ್ತಂಭದ ಮುಂದಿನ ಚಿತ್ರಗಳಿಗೂ ಇದೇ ಗತಿ. ಇಂಚಿಗೆ ನೂರು ಎಳೆಯಿರುವ ಬಟ್ಟೆಯಲ್ಲಿ ಕಾಲಿಂಚಿನ ಮುಖಕ್ಕೆ ಸಿಗುವುದು 25 ಎಳೆ; ಒಂದು ಕಣ್ಣಿಗೆ ನಾಲ್ಕೈದೇ. ಅಷ್ಟರಲ್ಲಿ ಯಾರ ಗುರುತೂ ನಿಲ್ಲದು. ಹಾಗಾಗಿ ಗೊಮ್ಮಟನ ಪಾದದ ಬಳಿಯ ಜನರನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಬೇಕು. ಮುಖ ಒಂದು ಇಂಚಿಗೆ ಕಡಿಮೆಯಿರಬಾರದು. ಸ್ಕ್ಯಾನ್ ಮಾಡುವಾಗ 600 ಡಿಪಿಐ ಇರಲಿ, ಅಚ್ಚಿಗೆ 200 ಸಾಕು, ಅದಕ್ಕೂ ಮೀರಿದ ಸೂಕ್ಷ್ಮವನ್ನು ನೇಯ್ಗೆ ನುಂಗುತ್ತದೆ. ಬಟ್ಟೆಯ ಮೇಲೆ ಚಿತ್ರ ಮಂಕಾಗುವುದರಿಂದ ಕಪ್ಪು-ಬಿಳುಪಿನ ಅಂತರವನ್ನು ಪರದೆಯ ಮೇಲೆ ಸ್ವಲ್ಪ ಅತಿಯೆನಿಸುವಷ್ಟು ಹೆಚ್ಚಿಸಿಯೇ ಕಳಿಸಬೇಕು.

ಈ ಕೆಲಸಕ್ಕೆ ಬೇಕಾದ ಮುದ್ರಣ, ನೇಯ್ಗೆ ಎಂಬ ಎರಡು ವಿದ್ಯೆಗಳೂ ನಮ್ಮ ಕರಾವಳಿಯಲ್ಲೇ ಇರುವುದು ನನಗೆ ಬಹಳ ಮುಖ್ಯವೆನಿಸುತ್ತದೆ. ಮಣಿಪಾಲದಲ್ಲಿ ದೊಡ್ಡ ಮುದ್ರಣೋದ್ಯಮ 1941ರಷ್ಟು ಹಿಂದಿನಿಂದ ಬೆಳೆದು ಬಂದಿದೆ, 1970ರಿಂದ ಅಲ್ಲಿಂದಲೇ ‘ಉದಯವಾಣಿ’ ಹೊರಡುತ್ತಿದೆ, ಅಲ್ಲಿನ ತಾಂತ್ರಿಕ ಕಾಲೇಜು ಮುದ್ರಣವನ್ನೇ ಒಂದು ಎಂಜಿನಿಯರಿಂಗ್ ಪದವಿಯಾಗಿ ಕಲಿಸಿದೆ. ಬಣ್ಣದ ಹದ, ಸ್ಕ್ಯಾನಿಂಗಿನ ಸೂಕ್ಷ್ಮ ಬಲ್ಲವರಿಗೆ ಆ ಊರಿನಲ್ಲಿ ಬರವಿಲ್ಲ. ಇತ್ತ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘವೂ ಕಾರ್ಕಳದ ಕದಿಕೆ ಟ್ರಸ್ಟೂ ಮುಗಿದೇಹೋಗುತ್ತಿದ್ದ ಆ ಮಗ್ಗಗಳನ್ನು ಮತ್ತೆ ಎಬ್ಬಿಸಲು ದುಡಿದವು. ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಕೊಡುವ ಪ್ರಯೋಗವೂ ನಡೆದಿದೆ. ಚೊಗರಿನ ಕಂದು, ಹಳೆಯ ಫೋಟೋಗಳ ಕಂದು ಎರಡೂ ಒಂದೇ ಮನೆತನದ ಬಣ್ಣಗಳು. ಕೌದಿಯಲ್ಲಿ ಒಂದರ ಪಕ್ಕ ಒಂದು ಕೂತರೆ ಚಿತ್ರ ಹೊರಗಿನಿಂದ ತಂದು ಅಂಟಿಸಿದಂತೆ ಕಾಣುವುದೇ ಇಲ್ಲ. ಉಟ್ಟು ಸವೆದ ಹಳೆಯ ಉಡುಪಿ ಸೀರೆ ಹಗುರ, ಬೇಗ ಒಣಗುತ್ತದೆ. ಕೌದಿಯ ಒಳಪದರಕ್ಕೆ ಹತ್ತಿಯ ಅರಳೆ ತುಂಬದೆ ಅಂಥ ಸೀರೆಗಳನ್ನೇ ಎರಡು ಮೂರು ಮಡಿಕೆ ಹಾಕುವುದು ಈ ಹವೆಗೆ ಹೇಳಿ ಮಾಡಿಸಿದ ಕ್ರಮ, ಯಾಕೆಂದರೆ ಅರಳೆ ತುಂಬಿದ್ದು ಮಳೆಗಾಲದಲ್ಲಿ ಒಣಗಲಾರದು.

ಪ್ರಿಂಟರೇ ಬೇಡವೆನ್ನುವವರಿಗೆ ಬಿಸಿಲಿನ ಅಚ್ಚು ಇದೆ. ಸಯನೋಟೈಪ್ ಎಂಬ ಈ ಪದ್ಧತಿಯನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದರು. ಮರುವರ್ಷವೇ ಆನ್ನಾ ಆಟ್ಕಿನ್ಸ್ ಕಡಲ ಪಾಚಿಗಳ ಚಿತ್ರಗಳನ್ನು ಹೀಗೆ ಅಚ್ಚು ಹಾಕಿ ಪ್ರಕಟಿಸತೊಡಗಿದರು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳ ನೀರನ್ನು ಬೆರೆಸಿ, ಮಂದ ಬೆಳಕಿನಲ್ಲಿ ಹತ್ತಿಬಟ್ಟೆಗೆ ಸವರಿ ಒಣಗಿಸುತ್ತಾರೆ. ಮೇಲೆ ಪಾರದರ್ಶಕ ಹಾಳೆಯಲ್ಲಿ ಅಚ್ಚಾದ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದಲ್ಲಿ ಕಬ್ಬಿಣದ ಲವಣ ಬದಲಾಗಿ ಗಾಢ ನೀಲಿಯಾಗುತ್ತದೆ. ನೀರಿನಲ್ಲಿ ತೊಳೆದರೆ ಉಳಿದದ್ದು ಹೋಗಿ ನೀಲಿ-ಬಿಳಿ ಚಿತ್ರ ನಿಲ್ಲುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಪುವಿನ ಬಿಸಿಲು ಇದಕ್ಕೆ ಬೇಕಾದಷ್ಟಾಯಿತು. ಕೈಗವಸು ಹಾಕಿಕೊಳ್ಳಬೇಕು, ಅಡುಗೆಯ ಪಾತ್ರೆ ಬಳಸಬಾರದು, ಮಕ್ಕಳ ಕೈಗೆ ಸಿಗದಂತಿಡಬೇಕು. ಈ ನೀಲಿಗೆ ದೊಡ್ಡ ಶತ್ರು ಕ್ಷಾರ. ಒಗೆಯುವ ಸೋಡಾ, ಕಟುವಾದ ಸಾಬೂನಿನ ಪುಡಿ ತಾಗಿದರೆ ಹಳದಿಯಾಗಿ ಮಾಸುತ್ತದೆ. ಕ್ಷಾರವಿಲ್ಲದ ನೊರೆ ಬೇಕೆಂದು ಹೊರಗೆ ಹುಡುಕಬೇಕಾಗಿಲ್ಲ, ನಮ್ಮ ಅಂಟುವಾಳ ಕಾಯಿಯ ನೊರೆ ಅಂಥದ್ದೇ.

ಆಕ್ಷೇಪಗಳಲ್ಲಿ ಅತಿ ಗಂಭೀರವಾದದ್ದು ನಮ್ಮ ಆಚಾರದ್ದು: ಹಿರಿಯರ ಮುಖವಿರುವ ಬಟ್ಟೆಯನ್ನು ಹೊದ್ದು ಮಲಗಿದರೆ ಕಾಲು ತಾಗುವುದಿಲ್ಲವೇ? ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಊರು ಇದು. ಈ ಅಳುಕನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು. ಆದರೆ ಕೌದಿಗೆ ತಲೆಯ ಕಡೆ, ಕಾಲಿನ ಕಡೆ ಎಂದು ಎರಡು ತುದಿಗಳಿವೆ. ಮುಖಗಳೆಲ್ಲ ತಲೆಯ ಕಡೆಗಿದ್ದು, ಕಾಲಿನ ಅರ್ಧ ಬರಿ ಸೀರೆಯ ತುಂಡುಗಳಾಗಿದ್ದರೆ, ಎರಡನ್ನೂ ಬೇರೆಯಾಗಿ ತಿಳಿಸುವ ಅಂಚೊಂದು ಇದ್ದರೆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ದೇವರ, ದೈವದ ಚಿತ್ರಗಳನ್ನಂತೂ ಹೊದಿಕೆಗೆ ತರಲೇಬಾರದು. ಮುಖವೇ ಯಾಕೆ ಬೇಕು ಎಂದೂ ಕೇಳಿಕೊಳ್ಳಬಹುದು. ಮನೆಯ ಹೆಬ್ಬಾಗಿಲು, ತುಳಸಿಕಟ್ಟೆ, ಬಾವಿಕಟ್ಟೆ, ಅಜ್ಜಿ ಬರೆದ ಇನ್‌ಲ್ಯಾಂಡ್ ಪತ್ರದ ಅಕ್ಷರ ಇವೂ ಅಚ್ಚಿಗೆ ಬರುತ್ತವೆ. ಗೆರೆ ಸ್ಪಷ್ಟವಿರುವುದರಿಂದ ಮುಖಕ್ಕಿಂತ ಚೆನ್ನಾಗಿಯೇ ಬರುತ್ತವೆ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಅದನ್ನು ಗೋಡೆಗೆ ತೂಗುಹಾಕಲಿ. ಆಗಲೂ ಅದು ಉತ್ತರಕ್ರಿಯೆಯ ದಿನ ಕಟ್ಟಿ ಮರುದಿನ ಸುರುಳಿ ಸುತ್ತಿಡುವ ಫ್ಲೆಕ್ಸಿಗಿಂತ ಗೌರವದ ನೆನಪು.

ಎಷ್ಟು ಮಾಡಿದರೂ ಬಣ್ಣ ಮಾಸುತ್ತದಲ್ಲ ಎನ್ನುವವರ ಮಾತು ಸುಳ್ಳಲ್ಲ. ದಿನವೂ ಹೊದ್ದು ಒಗೆಯುವ ಕೌದಿಯ ಚಿತ್ರ ವರ್ಷಗಳುರುಳಿದಂತೆ ತೆಳುವಾಗುತ್ತದೆ, ಅದರ ಪಕ್ಕದ ಸೀರೆಯ ಬಣ್ಣವೂ ತೆಳುವಾಗುವಂತೆ. ನೆರಳಿನಲ್ಲಿ ಒಳಮೈ ಹೊರಗೆ ಮಾಡಿ ಒಣಗಿಸಿದರೆ ಕಾಲ ಹೆಚ್ಚುತ್ತದೆ, ಅಷ್ಟೆ. ಆದುದರಿಂದಲೇ ಮೂಲ ಫೋಟೋಗೆ ಕತ್ತರಿಯಾಗಲಿ ಇಸ್ತ್ರಿಯಾಗಲಿ ಎಂದೂ ತಾಗಬಾರದು. ಸ್ಕ್ಯಾನ್ ಮಾಡಿದ ಪ್ರತಿ ಮನೆಯಲ್ಲೊಂದು, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಸಂಬಂಧಿಕರಲ್ಲೊಂದು ಇರಬೇಕು. ಹಾಗಿದ್ದರೆ ಒಂದು ತುಂಡು ಮಾಸಿದಾಗ ಅದರ ಮೇಲೆ ಹೊಸ ತುಂಡನ್ನು ತೇಪೆಯಾಗಿ ಹೊಲಿಯಬಹುದು. ಕೌದಿಯೆಂಬುದು ಹುಟ್ಟಿನಿಂದಲೇ ತೇಪೆಗೆ ಒಪ್ಪಿಕೊಂಡ ವಸ್ತು. ಸ್ಕ್ಯಾನ್ ಇದ್ದ ಮೇಲೆ ಮೊಬೈಲಿನಲ್ಲೇ ನೋಡಬಹುದಲ್ಲ ಎಂದರೆ, ನೋಡಬಹುದು. ಆದರೆ ಸಾವಿರಾರು ಚಿತ್ರಗಳ ನಡುವೆ ಅದನ್ನು ಹುಡುಕಿ ತೆಗೆಯುವವರು ಬೇಕು, ಅದು ಯಾರೆಂದು ಹೇಳುವವರೂ ಬೇಕು. ಕೌದಿಗೆ ಹತ್ತಿಪ್ಪತ್ತು ಚಿತ್ರಗಳನ್ನು ಆರಿಸಲು ಕೂತಾಗಲೇ ಮನೆಯ ಹಿರಿಯರು ಆ ಮುಖಗಳ ಹೆಸರು ಹೇಳುತ್ತಾರೆ. ಅವರು ಹೋದ ಮೇಲೆ ಆ ತಿಳಿವಳಿಕೆ ಯಾವ ಮೊಬೈಲಿನಲ್ಲೂ ಸಿಗದು.

ಹೊಲಿಯುವಾಗ ಚಿತ್ರದ ತುಂಡಿನ ಸುತ್ತ ಅರ್ಧ ಇಂಚು ಬಿಳಿ ಅಂಚು ಬಿಡಬೇಕು, ತೆಳು ಸೂಜಿ ಬಳಸಬೇಕು. ಸಾಲು ಹೊಲಿಗೆ ಮುಖದ ಮೇಲೆ ಹಾಯದಂತೆ ಅದರ ಸುತ್ತ ತಿರುಗಿ ಹೋಗಲಿ. ಹಿನ್ನೆಲೆಯಲ್ಲಿ ಹೊಲಿಗೆ ಒತ್ತಾಗಿದ್ದಷ್ಟೂ ಮುಖ ಉಬ್ಬಿ ಕಾಣುತ್ತದೆ. ಅಸ್ತರಿನ ಮೇಲೆ ಪ್ರತಿ ಚಿತ್ರದ ಬೆನ್ನಿಗೆ ಸರಿಯಾಗಿ ಆ ವ್ಯಕ್ತಿಯ ಹೆಸರು, ಮನೆಯ ಹೆಸರು, ಗೊತ್ತಿದ್ದರೆ ಫೋಟೋದ ಇಸವಿಯನ್ನು ದಾರದಲ್ಲೇ ಹೊಲಿಯಬೇಕು. ಇಂಕಿನಲ್ಲಿ ಬರೆದದ್ದು ಚಿತ್ರಕ್ಕಿಂತ ಮೊದಲೇ ಅಳಿಸಿಹೋದೀತು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಫೋಟೋ ಆರಿಸಿ ಅಚ್ಚು ಹಾಕಿದರೆ, ಕೈಹೊಲಿಗೆಯ ಕೌದಿಯೂ ಮಳೆ ಹಿಡಿಯುವ ಮೊದಲು ಮುಗಿಯುತ್ತದೆ.